ಮರೆಹೊಕ್ಕವರ ವಿಳಾಸ

ಆಶ್ರಯ ಬೇಡಿ ಬರುವುದಕ್ಕೆ ಕನ್ನಡದಲ್ಲಿ 'ಮರೆಹೊಗು' ಎಂಬ ಹಳೆಯ ಮಾತೊಂದಿದೆ. ಮರೆ ಎಂದರೆ ರಕ್ಷಣೆ. ಮರೆ ಎಂದರೆ ಕಣ್ಣಿಗೆ ಬೀಳದ ಎಡೆಯೂ ಹೌದು. ಎರಡೂ ಒಂದೇ ಎಂದು ಭಾಷೆಯನ್ನು ಕಟ್ಟಿದವರಿಗೆ ತೋರಿದ್ದಿರಬೇಕು. ಇದರ ಜೊತೆಗೆ, ನಮ್ಮ ಶಾಸನಗಳಲ್ಲಿ ಅರಸರಿಗೂ ಸಾಮಂತರಿಗೂ ಮತ್ತೆ ಮತ್ತೆ ಬರುವ ಬಿರುದೊಂದುಂಟು: 'ಶರಣಾಗತ ವಜ್ರಪಂಜರ'. ತರಗತಿಯಲ್ಲಿ ಈ ಬಿರುದು ಬಂದಾಗ ನಾನು ಬಹುಕಾಲ ಅದನ್ನು ಬರಿಯ ಅಲಂಕಾರವೆಂದು ದಾಟಿಬಿಡುತ್ತಿದ್ದೆ. ಈಚೆಗೆ ಆ ಪಂಜರವೆಂಬ ಪದ ನನ್ನನ್ನು ಕಾಡುತ್ತಿದೆ. ಪಂಜರವು ಹಕ್ಕಿಯನ್ನು ಬೆಕ್ಕಿನಿಂದ ಕಾಯುತ್ತದೆ, ನಿಜ. ಆದರೆ ಒಳಗೆ ಯಾವ ಹಕ್ಕಿ ಇದೆ, ಎಷ್ಟಿವೆ ಎಂಬುದನ್ನು ಎಲ್ಲರಿಗೂ ತೋರಿಸುತ್ತದೆ. ಅದರ ಅಗಳಿಯೂ ಹೊರಗಡೆಗೇ ಇರುತ್ತದೆ. ಅಗಳಿಯ ಮೇಲಿನ ಕೈ ಬದಲಾದರೆ ಏನಾಗುತ್ತದೆಂಬುದಕ್ಕೆ ಹಾಲೆಂಡಿನ ಚರಿತ್ರೆಯಲ್ಲಿ ಒಂದು ಪ್ರಸಂಗವಿದೆ.

1938ರ ನವೆಂಬರಿನಲ್ಲಿ ಜರ್ಮನಿಯ ತುಂಬ ಯೆಹೂದ್ಯರ ಅಂಗಡಿಗಳೂ ಮಂದಿರಗಳೂ ಸುಟ್ಟುಹೋದ ಮೇಲೆ ಸಾವಿರಾರು ಜನ ಗಡಿ ದಾಟಿ ನೆರೆಯ ಹಾಲೆಂಡಿಗೆ ಬಂದರು. ಅಲ್ಲಿಯ ಸರಕಾರ ಒಲ್ಲದ ಮನಸ್ಸಿನಿಂದಲೇ ಅವರಿಗಾಗಿ ಒಂದು ಶಿಬಿರ ಕಟ್ಟಲು ನಿರ್ಧರಿಸಿತು. ಮೊದಲು ಗೊತ್ತುಮಾಡಿದ ಸ್ಥಳ ಎಲ್ಸ್‌ಪೇಟ್ ಎಂಬ ಗ್ರಾಮದ ಬಳಿ. ಅದು ತಮ್ಮ ಬೇಸಗೆಯ ಅರಮನೆಗೆ ಹತ್ತಿರವಾಯಿತೆಂದು ರಾಣಿ ವಿಲ್‌ಹೆಲ್ಮಿನಾ ಅವರ ಕಡೆಯಿಂದ ಆಕ್ಷೇಪ ಬಂದಿತು. ಪ್ರವಾಸಿಗರ ಸಂಘದವರು ನಿಸರ್ಗದ ಚೆಲುವು ಕೆಡುವುದೆಂದರು. ನಿರಾಶ್ರಿತರನ್ನು ಎಲ್ಲಿಡಬೇಕೆಂಬ ಚರ್ಚೆಯಲ್ಲಿ ಯಾರ ದನಿ ಮೊದಲು ಕೇಳಿಸುತ್ತದೆಂಬುದು ಅಂದೂ ಹೀಗೆಯೇ ಇತ್ತು. ಕೊನೆಗೆ ಈಶಾನ್ಯ ಮೂಲೆಯ ಡ್ರೆಂಟೆ ಪ್ರಾಂತದಲ್ಲಿ, ಗಾಳಿ ಮತ್ತು ಕೆಸರು ಬಿಟ್ಟರೆ ಬೇರೇನೂ ಇಲ್ಲದ ಬಂಜರು ಬಯಲಿನಲ್ಲಿ ಶಿಬಿರ ಎದ್ದಿತು. ಕಟ್ಟುವ ವೆಚ್ಚವನ್ನು ದೇಶದ ಯೆಹೂದ್ಯ ಸಮುದಾಯವೇ ಭರಿಸಬೇಕೆಂದು ಸರಕಾರ ಗೊತ್ತುಮಾಡಿತು. 1939ರ ಅಕ್ಟೋಬರ್ 9ರಂದು ಮೊದಲ 22 ಜನ ಬಂದಿಳಿದರು. ಸೇಂಟ್ ಲೂಯಿ ಎಂಬ ಹಡಗಿನಲ್ಲಿ ಕ್ಯೂಬಾದವರೆಗೆ ಹೋಗಿ, ಇಳಿಯಗೊಡದೆ ಹಿಂದಕ್ಕೆ ಕಳಿಸಲ್ಪಟ್ಟವರಲ್ಲಿ ಕೆಲವರೂ ಅಲ್ಲಿ ನೆಲೆಸಿದರು. ಆ ಶಿಬಿರದ ಹೆಸರು ವೆಸ್ಟರ್‌ಬೋರ್ಕ್.

ಇದೇ ವೇಳೆಗೆ ಆ ದೇಶದಲ್ಲಿ ಇನ್ನೊಂದು ಕೆಲಸ ಬಹಳ ಅಚ್ಚುಕಟ್ಟಾಗಿ ನಡೆದಿತ್ತು. ಯಾಕೊಬ್ ಲೆಂಟ್ಸ್ ಎಂಬ ಅಧಿಕಾರಿ ಜನಸಂಖ್ಯಾ ದಫ್ತರಗಳ ಮುಖ್ಯಸ್ಥ. ಪ್ರತಿಯೊಬ್ಬ ನಿವಾಸಿಗೂ ಒಂದೊಂದು ಕಾರ್ಡು. ಅದರಲ್ಲಿ ಹೆಸರು, ಹುಟ್ಟು, ವಿಳಾಸ, ಕಸುಬು, ಮತ. ಮನುಷ್ಯ ಊರು ಬದಲಿಸಿದರೆ ಕಾರ್ಡೂ ಅವನ ಹಿಂದೆ ಹೊಸ ಊರಿಗೆ ಹೋಗಬೇಕು. 1936ರಲ್ಲಿ ದೇಶಕ್ಕೆಲ್ಲ ಏಕರೂಪವಾದ ಈ ವ್ಯವಸ್ಥೆಗೆ ಸಂಬಂಧಿಸಿ ಅವರಿಗೆ ರಾಜಗೌರವವೂ ಸಂದಿತು. ಇದರಲ್ಲಿ ದುರುದ್ದೇಶವಿರಲಿಲ್ಲ. ಎಲ್ಲರಿಗೂ ಕಡ್ಡಾಯವಾಗಿ ಗುರುತಿನ ಚೀಟಿ ಕೊಡಬೇಕೆಂಬ ಅವರ ಸಲಹೆಯನ್ನು ಮಾತ್ರ ಸರಕಾರ ಒಪ್ಪಲಿಲ್ಲ. ಅದು ಸಾಮಾನ್ಯ ಪ್ರಜೆಯನ್ನು ಅಪರಾಧಿಯಂತೆ ಕಂಡ ಹಾಗಾಗುತ್ತದೆಂಬುದು ಅವರ ಭಾವನೆ. 1940ರ ಮೇ ತಿಂಗಳಲ್ಲಿ ಜರ್ಮನ್ ಸೇನೆ ದೇಶವನ್ನು ಆಕ್ರಮಿಸಿತು. ಮರುವರ್ಷವೇ ಆ ಚೀಟಿ ಜಾರಿಗೆ ಬಂದಿತು. ಯೆಹೂದ್ಯರೆಲ್ಲ ತಮ್ಮನ್ನು ನೋಂದಾಯಿಸಿಕೊಳ್ಳಬೇಕೆಂಬ ಆಜ್ಞೆ 1941ರ ಜನವರಿಯಲ್ಲಿ ಹೊರಟಾಗ ಅದನ್ನು ನಡೆಸಲು ಹೊಸದಾಗಿ ಏನನ್ನೂ ಕಟ್ಟಬೇಕಾಗಲಿಲ್ಲ. ಎಲ್ಲವೂ ಸೆಳೆಗೂಡುಗಳಲ್ಲಿ ಸಿದ್ಧವಾಗಿತ್ತು.

1942ರ ಜುಲೈ 1ರಂದು ಜರ್ಮನರು ವೆಸ್ಟರ್‌ಬೋರ್ಕನ್ನು ನೇರವಾಗಿ ವಶಪಡಿಸಿಕೊಂಡರು. ಜುಲೈ 15ರಂದು ಮೊದಲ ರೈಲು ಪೂರ್ವದಿಕ್ಕಿಗೆ ಹೊರಟಿತು. ಬ್ಯಾರಕ್ಕುಗಳು, ಅಡುಗೆಮನೆ, ಕಚೇರಿ, ಕಚೇರಿಯಲ್ಲಿನ ಕಾರ್ಡುಗಳು ಎಲ್ಲವೂ ಇದ್ದ ಹಾಗೆಯೇ ಉಪಯೋಗಕ್ಕೆ ಬಂದವು. ಕರುಳು ಹಿಂಡುವ ಸಂಗತಿಯೆಂದರೆ, ಶಿಬಿರದ ಒಳ ಆಡಳಿತ ಮೊದಲಿನಿಂದ ಇದ್ದ ನಿರಾಶ್ರಿತರ ಕೈಯಲ್ಲಿಯೇ ಇತ್ತು. ಜರ್ಮನರು ಹೇಳಿದ ಸಂಖ್ಯೆಗೆ ತಕ್ಕಂತೆ ಹೆಸರುಗಳ ಪಟ್ಟಿಯನ್ನು ಅವರೇ ತಯಾರಿಸಬೇಕಾಗಿತ್ತು. ರೈಲು ಹೊರಡುತ್ತಿದ್ದುದು ಸಾಮಾನ್ಯವಾಗಿ ಮಂಗಳವಾರ. ಸೋಮವಾರ ರಾತ್ರಿ ಬ್ಯಾರಕ್ಕಿನಲ್ಲಿ ದೀಪ ಹಾಕಿ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಹೆಸರು ಬಾರದವನಿಗೆ ಇನ್ನೊಂದು ವಾರ.

ಈ ಕಾರ್ಡುಗಳ ಅಪಾಯ ಚೆನ್ನಾಗಿ ಅರ್ಥವಾಗಿದ್ದುದು ಕೆಲವು ಕಲಾವಿದರಿಗೆ. ವಿಲ್ಲೆಮ್ ಅರೊಂಡೆಯುಸ್ ಚಿತ್ರಕಾರ ಮತ್ತು ಲೇಖಕ. ಖೆರಿಟ್ ಫಾನ್ ಡೆರ್ ಫೇನ್ ಶಿಲ್ಪಿ. ಸುಳ್ಳು ಗುರುತಿನ ಚೀಟಿ ತಯಾರಿಸುವುದರಲ್ಲಿ ಇವರ ಬಳಗ ನುರಿತಿತ್ತು. ಆದರೆ ಚೀಟಿ ಎಷ್ಟೇ ಚೆನ್ನಾಗಿರಲಿ, ದಫ್ತರದ ಕಾರ್ಡಿನೊಡನೆ ತಾಳೆ ನೋಡಿದರೆ ಸಿಕ್ಕಿಬೀಳುತ್ತದೆ. ಹಾಗಾದರೆ ದಫ್ತರವನ್ನೇ ಸುಡಬೇಕು. 1943ರ ಮಾರ್ಚ್ 27ರ ರಾತ್ರಿ ಪೊಲೀಸರ ಉಡುಪಿನಲ್ಲಿ ಅವರು ಆಮ್‌ಸ್ಟರ್‌ಡ್ಯಾಮಿನ ನೋಂದಣಿ ಕಚೇರಿಗೆ ಹೋದರು. ಸಮವಸ್ತ್ರವನ್ನು ಹೊಲಿದುಕೊಟ್ಟವನು ಅವರದೇ ಬಳಗದ ದರ್ಜಿ. ಕಾವಲುಗಾರರನ್ನು ಕೊಲ್ಲಲಿಲ್ಲ, ವೈದ್ಯಕೀಯ ವಿದ್ಯಾರ್ಥಿಗಳು ನಿದ್ರೆಯ ಚುಚ್ಚುಮದ್ದು ಕೊಟ್ಟರು, ಮಲಗಿದವರನ್ನು ಎತ್ತಿ ಪಕ್ಕದ ಮೃಗಾಲಯದ ತೋಟದಲ್ಲಿ ಇಟ್ಟರು. ಒತ್ತಾಗಿ ಜೋಡಿಸಿದ ಕಾಗದ ಬೇಗ ಉರಿಯುವುದಿಲ್ಲ. ಪುಸ್ತಕ ಕಟ್ಟುಗಳ ನಡುವೆ ಬಾಳಿದ ನನ್ನಂಥವನಿಗೆ ಇದು ಗೊತ್ತು. ಅವರಿಗೂ ಗೊತ್ತಿತ್ತು. ಸೆಳೆಗೂಡುಗಳನ್ನು ಎಳೆದು ಕಾರ್ಡುಗಳನ್ನು ನೆಲಕ್ಕೆ ಸುರಿದು, ಬೆನ್‌ಜೀನ್ ಹೊಯ್ದು ಸಿಡಿಮದ್ದು ಇಟ್ಟರು. ಬೆಂಕಿ ಆರಿಸುವ ದಳದವರು ಬೇಕೆಂದೇ ತಡವಾಗಿ ಬಂದು, ಬೇಕಾದುದಕ್ಕಿಂತ ಹೆಚ್ಚು ನೀರು ಸುರಿದು ತಮ್ಮ ಪಾಲಿನ ಸೇವೆ ಸಲ್ಲಿಸಿದರು.

ಇಷ್ಟಾದರೂ ನಾಶವಾದದ್ದು ಶೇಕಡಾ 15ರಷ್ಟು ಕಾರ್ಡುಗಳು ಮಾತ್ರ. ಕೆಲವೇ ದಿನಗಳಲ್ಲಿ ಬಳಗ ಸಿಕ್ಕಿಬಿದ್ದಿತು. ಅರೊಂಡೆಯುಸ್ ಸೇರಿ 12 ಮಂದಿಯನ್ನು ಜುಲೈ 1ರಂದು ಮರಳುದಿಬ್ಬಗಳಲ್ಲಿ ಗುಂಡಿಕ್ಕಿ ಕೊಂದರು; ಫಾನ್ ಡೆರ್ ಫೇನ್ ಮರುವರ್ಷ ಅದೇ ದಾರಿ ಹಿಡಿದರು. ಗುರುತಿನ ಚೀಟಿಗಳ ಕೇಂದ್ರ ದಾಖಲೆ ಹೇಗ್ ನಗರದ ಕ್ಲೇಕಾಂಪ್ ಎಂಬ ಭವನದಲ್ಲಿತ್ತು. 1944ರ ಏಪ್ರಿಲ್ 11ರಂದು ಬ್ರಿಟಿಷ್ ವಿಮಾನಗಳು ತಗ್ಗಿನಲ್ಲಿ ಹಾರಿ ಬಂದು ಅದನ್ನು ಒಡೆದವು. ಕಚೇರಿಯಲ್ಲಿದ್ದ ಸುಮಾರು 60 ಮಂದಿ ಸತ್ತರು. ಅಷ್ಟು ಹೊತ್ತಿಗೆ ರೈಲುಗಳು ತಮ್ಮ ಕೆಲಸವನ್ನು ಬಹುಮಟ್ಟಿಗೆ ಮುಗಿಸಿದ್ದವು. ಹಾಲೆಂಡಿನ ಯೆಹೂದ್ಯರಲ್ಲಿ ಮುಕ್ಕಾಲು ಪಾಲು ಹತರಾದರು. ಪಶ್ಚಿಮ ಯೂರೋಪಿನ ಬೇರಾವ ದೇಶದಲ್ಲೂ ಪ್ರಮಾಣ ಇಷ್ಟಿಲ್ಲ. ಇದಕ್ಕೆ ದಫ್ತರವೊಂದೇ ಕಾರಣವೆನ್ನುವುದು ಅತಿಯಾದೀತು. ಕಾರಣಗಳಲ್ಲಿ ಅದೂ ಒಂದೆಂಬುದನ್ನು ಇತಿಹಾಸಕಾರರು ಅಲ್ಲಗಳೆಯುವುದಿಲ್ಲ.

ಇದು ನಾತ್ಸಿಗಳ ಕಾಲದ ಮಾತು, ಪ್ರಜಾಪ್ರಭುತ್ವದಲ್ಲಿ ಆ ಭಯವೆಲ್ಲಿ ಎಂದು ನೀವು ಕೇಳಬಹುದು. ಪ್ರಮಾಣದಲ್ಲಿ ಖಂಡಿತ ಹೋಲಿಕೆಯಿಲ್ಲ. ಆದರೆ ಬ್ರಿಟನ್ನಿನ ಮಿಡಲ್ಸ್‌ಬರೋ ಪಟ್ಟಣದ ಕತೆಯನ್ನು ನೋಡಿ. 1999ರ ಕಾಯಿದೆಯ ನಂತರ ಆ ದೇಶ ಆಶ್ರಯಾರ್ಥಿಗಳನ್ನು ಲಂಡನ್ನಿನಿಂದ ದೂರದ ಊರುಗಳಿಗೆ ಹಂಚತೊಡಗಿತು. ಬಾಡಿಗೆ ಅಗ್ಗವಾಗಿದ್ದ ಬೀದಿಗಳಲ್ಲಿ ಗುತ್ತಿಗೆದಾರರು ಮನೆಗಳನ್ನು ಒದಗಿಸಿದರು. 2016ರ ಜನವರಿಯಲ್ಲಿ ಪತ್ರಿಕೆಯೊಂದು ಬಯಲಿಗೆಳೆದ ಸಂಗತಿಯೆಂದರೆ, ಮಿಡಲ್ಸ್‌ಬರೋದಲ್ಲಿ ಅಂಥ ಮನೆಗಳ ಮುಂಬಾಗಿಲಿಗೆಲ್ಲ ಬಹುಮಟ್ಟಿಗೆ ಒಂದೇ ಕೆಂಪು ಬಣ್ಣ. ಬಣ್ಣವನ್ನು ಸಗಟಾಗಿ ಕೊಂಡಿದ್ದೆವು, ಬೇರೆ ಉದ್ದೇಶವಿಲ್ಲ ಎಂದರು ಮನೆಯ ಮಾಲೀಕರು. ಇದ್ದರೂ ಇರಬಹುದು. ಬೀದಿಯ ಪುಂಡರಿಗೆ ಉದ್ದೇಶ ಬೇಕಾಗಿರಲಿಲ್ಲ. ಆ ಬಾಗಿಲುಗಳಿಗೆ ಮೊಟ್ಟೆ, ಕಲ್ಲು, ನಾಯಿಯ ಹೇಲು ಬಿದ್ದವು. ವಿಳಾಸವನ್ನು ಯಾರೂ ಪ್ರಕಟಿಸಿರಲಿಲ್ಲ. ಬಾಗಿಲೇ ಪ್ರಕಟಿಸಿತ್ತು.

ಹಾಗೆಂದು ಎಲ್ಲವನ್ನೂ ಮುಚ್ಚಿಡಬೇಕೆಂದು ನಾನು ಹೇಳಲಾರೆ. 2024ರ ಜುಲೈ 29ರಂದು ಸೌತ್‌ಪೋರ್ಟಿನಲ್ಲಿ ಮೂವರು ಎಳೆಯ ಹುಡುಗಿಯರ ಕೊಲೆಯಾಯಿತು. ಆರೋಪಿ 18 ತುಂಬದವನಾದ್ದರಿಂದ ಹೆಸರನ್ನು ಕಾನೂನು ಮರೆಮಾಡಿತ್ತು. ಆ ಮೌನದ ಬಿರುಕಿನಲ್ಲಿ ವದಂತಿ ಹುಟ್ಟಿತು: ಕೊಲೆಗಾರ ದೋಣಿಯಲ್ಲಿ ಬಂದ ಆಶ್ರಯಾರ್ಥಿಯಂತೆ. ಅವನು ಹುಟ್ಟಿದ್ದು ಅದೇ ರಾಜ್ಯದ ಕಾರ್ಡಿಫ್ ನಗರದಲ್ಲಿ. ಆಗಸ್ಟ್ 1ರಂದು ನ್ಯಾಯಾಧೀಶರು ಹೆಸರು ಪ್ರಕಟಿಸಲು ಅನುಮತಿಯಿತ್ತರು. ತಡವಾಗಿತ್ತು. ಆಗಸ್ಟ್ 4ರಂದು ರಾಥರಮ್ಮಿನ ಬಳಿ, ಇನ್ನೂರಕ್ಕೂ ಹೆಚ್ಚು ಆಶ್ರಯಾರ್ಥಿಗಳಿದ್ದ ಹೋಟೆಲೊಂದನ್ನು ಜನಸಂದಣಿ ಮುತ್ತಿ ಬೆಂಕಿಯಿಡಲು ನೋಡಿತು. ಹೇಳದೆ ಬಿಟ್ಟ ಮಾತೂ ಕೊಳ್ಳಿಯಾಗಬಲ್ಲದು.

ಆದ್ದರಿಂದ ಯಾವುದು ಊರಿಗೆ ಸೇರಿದ ಮಾಹಿತಿ, ಯಾವುದು ಮನುಷ್ಯನಿಗೆ ಸೇರಿದ್ದು ಎಂದು ಬೇರ್ಪಡಿಸಬೇಕಾಗುತ್ತದೆ. ಎಷ್ಟು ಜನ ಬಂದಿದ್ದಾರೆ, ಯಾರಿಗೆ ಗುತ್ತಿಗೆ, ಎಷ್ಟು ಹಣ, ಮನೆ ಸೋರುತ್ತದೆಯೋ ಇಲ್ಲವೋ, ಇವೆಲ್ಲ ತೆರಿಗೆ ಕೊಡುವವನಿಗೆ ತಿಳಿಯಲೇಬೇಕು. 2019ರಲ್ಲಿ ಹತ್ತು ವರ್ಷಕ್ಕೆ 450 ಕೋಟಿ ಪೌಂಡೆಂದು ಅಂದಾಜಿಸಿದ್ದ ಬ್ರಿಟನ್ನಿನ ವಸತಿ ಗುತ್ತಿಗೆಗಳು 1,530 ಕೋಟಿ ಮುಟ್ಟಲಿವೆಯೆಂದು 2025ರ ಮೇ ತಿಂಗಳಲ್ಲಿ ಆ ದೇಶದ ಲೆಕ್ಕಪರಿಶೋಧಕರು ಹೇಳಿದರು. ಅಂಥ ಲೆಕ್ಕ ಗುಟ್ಟಾಗಿರತಕ್ಕದ್ದಲ್ಲ. ಆದರೆ ಇಂಥ ಬೀದಿಯ ಇಂಥ ಬಾಗಿಲ ಹಿಂದೆ ಇಂಥವಳು ಮಲಗಿದ್ದಾಳೆಂಬುದು ಆ ಲೆಕ್ಕದ ಭಾಗವೇ ಅಲ್ಲ. ಸರಕಾರಗಳು ಮಾಡಿಕೊಂಡು ಬಂದಿರುವುದು ಬಹಳ ಸಲ ಇದಕ್ಕೆ ತಲೆಕೆಳಗು: ಲೆಕ್ಕಕ್ಕೆ ಪರದೆ, ಬಾಗಿಲಿಗೆ ಬಣ್ಣ. ನಮ್ಮ ಬೈಲಕುಪ್ಪೆಯ ಟಿಬೆಟನ್ನರ ವಿಳಾಸ ಆ ದಾರಿಯ ಬಸ್ಸಿನ ಕಂಡಕ್ಟರರಿಗೆಲ್ಲ ಗೊತ್ತು. 1960ರ ಸುಮಾರಿಗೆ ಸಿಕ್ಕ 3,000 ಎಕರೆ ನೆಲದ ಮೇಲೆ ಅವರು ಮರೆಯಿಲ್ಲದೆ ಬಾಳಿದರು. ನೆರೆಹೊರೆ ಕಾಯುವಾಗ ಮರೆ ಬೇಕಾಗುವುದಿಲ್ಲ. ಆ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ.

ವೆಸ್ಟರ್‌ಬೋರ್ಕಿನ ಬಯಲಿನಲ್ಲಿ ಈಗ ಬ್ಯಾರಕ್ಕುಗಳ ಸಾಲುಗಳಿಲ್ಲ. ಹಾಜರಿ ಕರೆಯುತ್ತಿದ್ದ ಅಂಗಳದಲ್ಲಿ, ಹಿಂದಿರುಗದವರ ನೆನಪಿಗೆ ತಲಾ ಒಂದರಂತೆ, 1,02,000 ಇಟ್ಟಿಗೆಗಳನ್ನು ನೆಟ್ಟಿದ್ದಾರೆ. 2000ದಿಂದೀಚೆಗೆ ಐದು ವರ್ಷಕ್ಕೊಮ್ಮೆ ಜನವರಿಯಲ್ಲಿ ಅಲ್ಲಿ ಜನ ಸೇರಿ, ಸರದಿಯ ಮೇಲೆ, ಹಗಲೂ ರಾತ್ರಿ ಅವರೆಲ್ಲರ ಹೆಸರನ್ನೂ ವಯಸ್ಸನ್ನೂ ಗಟ್ಟಿಯಾಗಿ ಓದುತ್ತಾರೆ. ಮುಗಿಯಲು ಐದಾರು ದಿನ ಹಿಡಿಯುತ್ತದೆ. ಹೆಸರುಗಳಲ್ಲಿ ಬಹಳಷ್ಟು ದೊರೆತಿರುವುದು ಆ ಮಂಗಳವಾರದ ರೈಲುಗಳ ಪಟ್ಟಿಗಳಿಂದಲೇ.