ಪಾರ್ಥೇನಿಯಂ ತುರಿಕೆ ಮತ್ತು ಸಸ್ಯಜನ್ಯ ಔಷಧಾಂಶಗಳು: ಸಾರ್ವಜನಿಕರಿಗೆ ಮಾಹಿತಿ

ಹೂಡಿ ಸುತ್ತಮುತ್ತಲಿನ ಖಾಲಿ ನಿವೇಶನಗಳಲ್ಲಿ ಬೆಳೆಯುವ ಪಾರ್ಥೇನಿಯಂ (ಕಾಂಗ್ರೆಸ್ ಗಿಡ) ಕಳೆಯನ್ನು ಕರ್ನಾಟಕ ಸರ್ಕಾರವು 1975ರಲ್ಲಿ ಹಾನಿಕರ ಕಳೆಯೆಂದು ಘೋಷಿಸಿತು. ಇದರಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕವು ಕೆಲವರಲ್ಲಿ ಮುಖ, ಕುತ್ತಿಗೆ ಹಾಗೂ ಮೊಣಕೈ ಮಡಿಕೆಗಳಲ್ಲಿ ತುರಿಕೆ ಮತ್ತು ಉರಿಯೂತವನ್ನು ಉಂಟುಮಾಡುತ್ತದೆ.

ಅರಿಶಿನದ ಕರ್ಕ್ಯುಮಿನ್, ಅತಿಮಧುರದ ಗ್ಲಿಸಿರೈಜಿನ್ ಅಂಶಗಳಿಗೆ ಉರಿಯೂತ ತಗ್ಗಿಸುವ ಗುಣವಿರುವುದು ಪ್ರಯೋಗಾಲಯದ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಕರ್ಕ್ಯುಮಿನ್ ಚರ್ಮದೊಳಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಕೆಲವರಿಗೆ ಅರಿಶಿನವೇ ಅಲರ್ಜಿಯಾಗಬಹುದು. ಆದುದರಿಂದ ಮನೆಯ ಲೇಪವು ಚಿಕಿತ್ಸೆಗೆ ಪರ್ಯಾಯವಲ್ಲ.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು:
1. ಗಿಡ ಕೀಳುವಾಗ ಕೈಗವಸು, ತುಂಬುತೋಳಿನ ಉಡುಪು ಧರಿಸತಕ್ಕದ್ದು. ನಂತರ ಸೋಪಿನಿಂದ ಮೈ ತೊಳೆಯತಕ್ಕದ್ದು.
2. ಒಡೆದ ಅಥವಾ ನೀರು ಒಸರುವ ಚರ್ಮಕ್ಕೆ ಗಿಡಮೂಲಿಕೆ ಲೇಪ ಹಚ್ಚಬಾರದು.
3. ವೈದ್ಯರು ಸೂಚಿಸಿದ ಮುಲಾಮನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸಬಾರದು.
4. ತುರಿಕೆ ಮರುಕಳಿಸಿದಲ್ಲಿ ಸರ್ಕಾರಿ ಆಸ್ಪತ್ರೆಯ ಚರ್ಮರೋಗ ತಜ್ಞರನ್ನು ಸಂಪರ್ಕಿಸುವುದು.