ಯಾವ ತಾತನ ಕಾಲದಿಂದ ಕಬ್ಬು?

2023ರಲ್ಲಿ ಮಳೆ ಕೈಕೊಟ್ಟು ಕೆಆರ್‌ಎಸ್ ತುಂಬಲಿಲ್ಲ, ನೆನಪಿದ್ಯಾ? ಆ ವರ್ಷ ಮಳವಳ್ಳಿ ಹತ್ರದ ನಮ್ಮ ಜಮೀನಲ್ಲಿ ಒಂದೆಕರೆಗಾದ್ರೂ ರಾಗಿ ಹಾಕೋಣ ಅಂದೆ. “ನಿಮ್ ತಾತನ ಕಾಲದಿಂದ್ಲೂ ಕಬ್ಬೇ ಕಣ್ಲಾ” ಅಂದ್ರು ಅಪ್ಪ. ಬೇಸಿಗೆ ಹೊತ್ತಿಗೆ ಅರ್ಧ ಕಬ್ಬು ಒಣಗೋಯ್ತು.

ಸರಿ, ತಾತನಿಗೂ ಮುಂಚೆ? ಮಂಡ್ಯ, ಮದ್ದೂರು, ಮಳವಳ್ಳಿ ಬಹುಪಾಲು ಮಳೆ ನಂಬಿದ ರಾಗಿ ಸೀಮೆ. 1911ರಲ್ಲಿ ಕೆಆರ್‌ಎಸ್ ಕೆಲಸ ಶುರುವಾಯ್ತು. 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು. 1933ರಲ್ಲಿ ಮಂಡ್ಯದ ಮೈಷುಗರ್ ಹುಟ್ಟಿತು. ನಮ್ಮ ‘ಅನಾದಿ ಕಾಲ’ಕ್ಕೆ ಇನ್ನೂ ನೂರು ವರ್ಷವೂ ಆಗಿಲ್ಲ!

ಇದ್ದದ್ದು ಇದ್ದ ಹಾಗೇ ಇರಲಿ ಅನ್ನೋ ಈ ಮನಸ್ಸಿನ ಬಗ್ಗೆ 1988ರಲ್ಲಿ ಸ್ಯಾಮ್ಯುಯಲ್‌ಸನ್, ಝೆಕ್‌ಹೌಸರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಬರೆದರು. ಹೆಸರು, ಸ್ಟೇಟಸ್ ಕೋ ಬಯಾಸ್.

ಅಪ್ಪನ್ನ ದೂರ್ತಿಲ್ಲ. ಕಬ್ಬಿಗೆ ಫ್ಯಾಕ್ಟರಿ ಇದೆ, ಆಲೆಮನೆ ಇದೆ, ಅದೂ ಲೆಕ್ಕವೇ. ಆದ್ರೆ ಅವರು ಹೇಳಿದ್ದು ಲೆಕ್ಕ ಅಲ್ಲ, ತಾತನ ಹೆಸರು. ಗೊತ್ತಿದ್ದ ರಾಗಿ ಬಿಟ್ಟು, ಹೊಸ ನೀರು ನಂಬಿ ಕಬ್ಬು ಹಾಕಿದ್ದು ಆ ತಾತನ ಅಪ್ಪನ ಕಾಲದವರು.

ಬಿಕಾಂ ಓದಿದ ನಾನೇನು ಕಮ್ಮಿಯಿಲ್ಲ. ನೋಡದ ಓಟಿಟಿಗೆ ತಿಂಗಳು ತಿಂಗಳು ದುಡ್ಡು ಕಟ್ತಿದೀನಿ.

ಇನ್ಮೇಲೆ ಯಾರಾದ್ರೂ “ಮೊದಲಿಂದ ಹೀಗೇ” ಅಂದ್ರೆ, “ಯಾವ ವರ್ಷದಿಂದ?” ಅಂತ ಕೇಳಿ. ಮೊದಲು ನಿಮ್ಮನ್ನೇ ಕೇಳ್ಕೊಳ್ಳಿ. ಮತ್ತೆ ಸಿಗೋಣ.