ನೂರಕ್ಕೆ ನೂರು ಅಂದ್ರೆ ಎಷ್ಟು ಜನ?

"ಮಗಳು ಬಿ.ಕಾಂ. ಮುಗಿಸಿದ್ದಾಳೆ, ಆರು ತಿಂಗಳ ಕೋಡಿಂಗ್ ಕೋರ್ಸಿಗೆ ಸೇರಿಸಿದ್ರೆ ಸಾಫ್ಟ್‌ವೇರ್ ಕೆಲಸ ಸಿಗುತ್ತಾ ಸಾರ್?" ಈ ಪ್ರಶ್ನೆ ಕೇಳದ ವೀಕ್ಷಕರಿಲ್ಲ. ಕೋರ್ಸಿನ ಜಾಹೀರಾತು ನೋಡುವ ಮೊದಲು ಅದರ ಚರಿತ್ರೆ ನೋಡಿ ಅಂತ ನಾನು ಹೇಳ್ತೀನಿ.

ನಮ್ಮವರಿಗೆ ಇದೇನೂ ಹೊಸದಲ್ಲ. 1981ರಲ್ಲಿ ಎನ್‌ಐಐಟಿ, 1986ರಲ್ಲಿ ಆಪ್ಟೆಕ್ ಶುರುವಾದವು. ಆಮೇಲೆ ವೈಟುಕೆ ಗಲಾಟೆಯಲ್ಲಿ ಕೋಬಾಲ್ ಕಲಿತವರು ವಿಮಾನ ಹತ್ತಿದ್ದೂ ಆಯ್ತು, 2001ರ ಡಾಟ್‌ಕಾಂ ಕುಸಿತದಲ್ಲಿ ವಾಪಸ್ ಬಂದದ್ದೂ ಆಯ್ತು. ಆದರೆ ಇವತ್ತು 'ಬೂಟ್‌ಕ್ಯಾಂಪ್' ಅಂತ ಕರೆಯೋ ವ್ಯಾಪಾರ ಹುಟ್ಟಿದ್ದು ಅಮೆರಿಕದಲ್ಲಿ. ಹೆಸರು ಸೈನ್ಯದ್ದು. ಹೊಸದಾಗಿ ಸೇರಿದ ಸಿಪಾಯಿಗಳನ್ನು ಕೆಲವೇ ವಾರಗಳಲ್ಲಿ ಪಳಗಿಸುವ ಶಿಬಿರಕ್ಕೆ ಅಲ್ಲಿ ಹಾಗಂತಾರೆ.

2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೆವ್ ಬೂಟ್‌ಕ್ಯಾಂಪ್ ತೆರೆಯಿತು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಫ್ಲಾಟಿರನ್ ಸ್ಕೂಲ್, ಹೆಂಗಸರಿಗೇ ಮೀಸಲಾದ ಹ್ಯಾಕ್‌ಬ್ರೈಟ್ ಅಕಾಡೆಮಿ, ಹೀಗೆ ಸಾಲುಸಾಲಾಗಿ ಬಂದವು. ಇವರ ಗುಣ ಒಪ್ಪಿಕೊಳ್ಳಲೇಬೇಕು. ನಾಲ್ಕು ವರ್ಷದ ಡಿಗ್ರಿಯಲ್ಲಿ ಥಿಯರಿ ಓದಿ ಹೊರಬಂದವನಿಗೆ ಒಂದು ವೆಬ್‌ಸೈಟ್ ಕಟ್ಟೋಕೆ ಬರದೇ ಇರಬಹುದು. ಇಲ್ಲಿ ಮೊದಲ ದಿನದಿಂದಲೇ ಕೋಡ್ ಬರೆಸಿದರು, ಇಬ್ಬಿಬ್ಬರನ್ನು ಒಂದೇ ಕಂಪ್ಯೂಟರ್ ಮುಂದೆ ಕೂರಿಸಿದರು. ಕಂಪನಿಯಲ್ಲಿ ಕೆಲಸ ನಡೆಯುವ ರೀತಿಯಲ್ಲೇ ಪಾಠ. ಟೀಚರು, ಹೋಟೆಲ್ ಸಪ್ಲೈಯರು, ಸಂಗೀತಗಾರರೆಲ್ಲ ಪ್ರೋಗ್ರಾಮರ್‌ಗಳಾದರು. ಯಾವ ಕಾಲೇಜೂ ಬಾಗಿಲು ತೆರೆಯದ ಮೂವತ್ತೈದು ವರ್ಷದವರಿಗೆ ಇದು ತೆರೆಯಿತು. ಇದನ್ನು ನಾನು ಸಣ್ಣ ಮಾತು ಅಂದುಕೊಳ್ಳೋದಿಲ್ಲ.

ತೊಂದರೆ ಇದ್ದದ್ದು ಲೆಕ್ಕದಲ್ಲಿ. 2017ರಲ್ಲಿ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್, ಲೈಸೆನ್ಸ್ ಇಲ್ಲದೆ ನಡೆಸಿದ್ದಕ್ಕೂ ಕೆಲಸ ಸಿಕ್ಕವರ ಬಗ್ಗೆ ದಾರಿತಪ್ಪಿಸುವ ಅಂಕಿ ಕೊಟ್ಟಿದ್ದಕ್ಕೂ ಫ್ಲಾಟಿರನ್‌ನಿಂದ 3,75,000 ಡಾಲರ್ ಕಕ್ಕಿಸಿದರು. ಡೆವ್ ಬೂಟ್‌ಕ್ಯಾಂಪ್ ಕಥೆ ಬೇರೆ. ದೊಡ್ಡ ಶಿಕ್ಷಣ ಕಂಪನಿ ಕಪ್ಲಾನ್ ಕೊಂಡುಕೊಂಡ ಮೇಲೂ ಖರ್ಚು ಸರಿದೂಗಲಿಲ್ಲ, ಅದೇ ವರ್ಷ ಕೊನೆಯ ಬ್ಯಾಚ್ ಮುಗಿಸಿ ಬಾಗಿಲು ಹಾಕಿತು. ಒಳ್ಳೆ ಪಾಠ ಹೇಳೋದು ದುಬಾರಿ. ಇಪ್ಪತ್ತು ಜನಕ್ಕೊಬ್ಬ ನುರಿತ ಮೇಷ್ಟ್ರು ಬೇಕು, ಆ ನುರಿತವನಿಗೆ ಕಂಪನಿಯಲ್ಲಿ ಹೆಚ್ಚು ಸಂಬಳ ಕಾದಿರುತ್ತೆ.

ಈಗ ಲ್ಯಾಂಬ್ಡಾ ಸ್ಕೂಲ್ ಕಥೆ ಕೇಳಿ. 2017ರಲ್ಲಿ ಆಸ್ಟೆನ್ ಆಲ್ರೆಡ್ ಮೊದಲಾದವರು ಶುರುಮಾಡಿದ್ದು. ಮಾತು ಕೇಳೋಕೆ ಎಷ್ಟು ಚೆನ್ನಾಗಿತ್ತು ನೋಡಿ: ಈಗ ಫೀಸೇ ಬೇಡ, ವರ್ಷಕ್ಕೆ 50,000 ಡಾಲರ್ ಸಂಬಳ ಬಂದ ಮೇಲೆ ಎರಡು ವರ್ಷ ಸಂಬಳದ ಶೇ. 17 ಕೊಡಿ, ಒಟ್ಟು 30,000 ಡಾಲರ್ ದಾಟೋದಿಲ್ಲ. ನಿಮಗೆ ಕೆಲಸ ಸಿಕ್ಕರೇ ನಮಗೆ ದುಡ್ಡು ಅಂದರು. ಜಗತ್ತೇ ತಲೆದೂಗಿತು. ನಮ್ಮ ಬೆಂಗಳೂರಲ್ಲೂ ಮಸಾಯ್ ಸ್ಕೂಲ್ 2019ರಲ್ಲಿ ಇದೇ ಮಾದರಿಯ ಮೇಲೆ ಹುಟ್ಟಿತು.

ಏಪ್ರಿಲ್ 2024ರಲ್ಲಿ ಅಮೆರಿಕದ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋ ಆದೇಶ ಹೊರಬಿತ್ತು. ಅಷ್ಟೊತ್ತಿಗೆ ಲ್ಯಾಂಬ್ಡಾ ಹೆಸರು ಬದಲಿಸಿಕೊಂಡು ಬ್ಲೂಮ್‌ಟೆಕ್ ಆಗಿತ್ತು. ಜಾಹೀರಾತಿನಲ್ಲಿ ಶೇ. 71ರಿಂದ 86 ಜನಕ್ಕೆ ಕೆಲಸ ಅಂತ ಹೇಳುತ್ತಿದ್ದವರ ಒಳಗಿನ ಲೆಕ್ಕ ಶೇ. 50ರ ಹತ್ತಿರ, ಕೆಲವೊಮ್ಮೆ ಶೇ. 30ಕ್ಕೂ ಇಳಿದಿತ್ತು. ಒಂದು ಬ್ಯಾಚಿನಲ್ಲಿ ನೂರಕ್ಕೆ ನೂರು ಜನಕ್ಕೆ ಕೆಲಸ ಸಿಕ್ಕಿತು ಅಂತ ಆಲ್ರೆಡ್ ಟ್ವೀಟ್ ಮಾಡಿದ್ದರು. ಆ ಲೆಕ್ಕದಲ್ಲಿದ್ದ ವಿದ್ಯಾರ್ಥಿ ಎಷ್ಟು ಜನ ಗೊತ್ತಾ? ಒಬ್ಬ! ನಮ್ಮೂರ ಟ್ಯೂಷನ್ ಬೋರ್ಡುಗಳೂ ನಾಚಿಕೊಳ್ಳಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಅದಲ್ಲ. ಸಾಲವಲ್ಲ, ನಿಮಗೆ ಅಪಾಯವಿಲ್ಲ ಅಂತ ಸಹಿ ಹಾಕಿಸಿಕೊಂಡ ಕರಾರು ಸಾಲವೇ ಆಗಿತ್ತು. ಅದರಲ್ಲಿ ಸರಾಸರಿ 4,000 ಡಾಲರ್ ಬಡ್ಡಿಯಂಥ ಖರ್ಚು ಅಡಗಿತ್ತು ಅಂತ ಬ್ಯೂರೋ ಹೇಳಿತು. ಅಷ್ಟೇ ಅಲ್ಲ, ಕಂಪನಿ ಅಂಥ ಎಷ್ಟೋ ಕರಾರುಗಳನ್ನು ಹೂಡಿಕೆದಾರರಿಗೆ ಮಾರಿ ಮೊದಲೇ ಕಾಸು ಮಾಡಿಕೊಂಡಿತ್ತು. ಹುಡುಗನಿಗೆ ಕೆಲಸ ಸಿಗೋದಕ್ಕೂ ಶಾಲೆಗೆ ದುಡ್ಡು ಬರೋದಕ್ಕೂ ಇದ್ದ ಗಂಟು ಅಲ್ಲೇ ಬಿಚ್ಚಿಹೋಯಿತು. ಜನ ನಂಬಿದ್ದು ಆ ಗಂಟನ್ನೇ ಅಲ್ವಾ? ಕಂಪನಿಗೆ ಗ್ರಾಹಕ ಸಾಲ ವ್ಯವಹಾರದಿಂದ ಶಾಶ್ವತ ನಿಷೇಧ ಬಿತ್ತು, ಆಲ್ರೆಡ್‌ಗೆ ವಿದ್ಯಾರ್ಥಿ ಸಾಲದ ವ್ಯವಹಾರದಿಂದ ಹತ್ತು ವರ್ಷ.

ಇನ್ನು ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಹೆಸರಿನಲ್ಲಿ ನಡೆದ ಬೂಟ್‌ಕ್ಯಾಂಪ್‌ಗಳು. ಸರ್ಟಿಫಿಕೇಟ್ ಮೇಲೆ ವಿಶ್ವವಿದ್ಯಾಲಯದ ಹೆಸರು, ಪಾಠ ನಡೆಸಿದ್ದು ಹೊರಗಿನ ಕಂಪನಿ. ಈ ಧಂಧೆಗಾಗಿ 2ಯು ಅನ್ನೋ ಕಂಪನಿ 2019ರಲ್ಲಿ 75 ಕೋಟಿ ಡಾಲರ್ ಕೊಟ್ಟು ಟ್ರಿಲಜಿ ಎಜುಕೇಷನ್ ಅನ್ನು ಕೊಂಡುಕೊಂಡಿತ್ತು. 2024ರ ಡಿಸೆಂಬರ್‌ನಲ್ಲಿ ಅದೇ 2ಯು, ಬೂಟ್‌ಕ್ಯಾಂಪ್‌ಗಳನ್ನು ನಿಲ್ಲಿಸುತ್ತೇವೆ ಅಂತ ಪ್ರಕಟಿಸಿತು.